ಜೂನ್ ತಿಂಗಳ ಹುಲ್ಲು, ಜನವರಿಯ ಹಾಲು
ಗಿರಾಕಿಗಳೇ ಹೊಣೆ ಹೊತ್ತ ಒಂದು ತೋಟದ ಲೆಕ್ಕಾಚಾರ

ವ್ಯಾಪಾರದಲ್ಲಿ ಮುಂಗಡ ಪಡೆಯುವುದು ಹೊಸ ಸಂಗತಿಯೇನಲ್ಲ. ಮದುವೆ ಛತ್ರದವರು ಮುಂಗಡ ಪಡೆಯುತ್ತಾರೆ. ಎರಕದ ಕಾರ್ಖಾನೆಯವರು ಅಚ್ಚಿನ ವೆಚ್ಚಕ್ಕೆಂದು ಮುಂಗಡ ಪಡೆಯುತ್ತಾರೆ. ಆಭರಣದ ಅಂಗಡಿಯವರು ಚಿನ್ನದ ದರ ಏರುವ ಭಯಕ್ಕೆ ಮುಂಗಡ ಪಡೆಯುತ್ತಾರೆ. ಇವೆಲ್ಲವುಗಳಲ್ಲಿಯೂ ಸರಕು ಯಾವುದು, ಎಷ್ಟು, ಯಾವ ದಿನ ಕೈಸೇರುವುದು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಗೊತ್ತಾಗದಿದ್ದರೆ ಯಾವ ಗಿರಾಕಿಯೂ ಹಣ ಬಿಚ್ಚುವುದಿಲ್ಲ. ಆದರೆ ಈ ಮೂರರಲ್ಲಿ ಯಾವುದಕ್ಕೂ ಖಾತರಿ ಕೊಡದೆ, ವರ್ಷವಿಡೀ ತಗಲುವ ಖರ್ಚಿಗೆ ಗಿರಾಕಿಗಳಿಂದಲೇ ಮೊದಲು ಮಾತು ಪಡೆದು, ಆಮೇಲೆ ನೇಗಿಲು ಹೂಡುವ ಉದ್ಯಮವೊಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿಲ್ಟನ್ ಎಂಬ ಸಣ್ಣ ಊರಿನಲ್ಲಿ 1986ರಿಂದ ನಡೆದುಬಂದಿದೆ. ಟೆಂಪಲ್-ವಿಲ್ಟನ್ ಸಮುದಾಯ ತೋಟವೆಂದು ಅದಕ್ಕೆ ಹೆಸರು. ತರಕಾರಿ ಮತ್ತು ಹೈನು, ಎರಡೂ ಅಲ್ಲಿನ ಉತ್ಪನ್ನ. ‘ಸಮುದಾಯ ಬೆಂಬಲಿತ ಕೃಷಿ’ ಎಂದು ಇಂದು ಕರೆಯಲಾಗುವ ಪದ್ಧತಿಯು ಆ ದೇಶದಲ್ಲಿ ಮೊದಲು ಕಾಣಿಸಿಕೊಂಡ ಎರಡು ತೋಟಗಳಲ್ಲಿ ಇದೂ ಒಂದು. ಇನ್ನೊಂದು, ಅದೇ ವರ್ಷ ನೆರೆಯ ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಎಗ್ರೆಮಾಂಟ್‌ನಲ್ಲಿ ಆರಂಭವಾದ ಇಂಡಿಯನ್ ಲೈನ್ ತೋಟ.

ಕೃಷಿಯ ಬಗೆಗಿನ ಲೇಖನಕ್ಕೆ ವಾಣಿಜ್ಯ ಪತ್ರಿಕೆಯಲ್ಲಿ ಎಡೆಯೇಕೆ ಎಂದು ಕೆಲವು ಓದುಗರಿಗೆ ಅನಿಸಬಹುದು. ದುಡಿಯುವ ಬಂಡವಾಳಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತಿಳಿದವರಿಗೆ, ಸರಕು ಕೊಟ್ಟು ತೊಂಬತ್ತು ದಿನ ಬಾಕಿಗಾಗಿ ಕಾದವರಿಗೆ, ಈ ತೋಟದ ವ್ಯವಹಾರವು ಬೇಸಾಯದ ಕಥೆಗಿಂತ ಹೆಚ್ಚಾಗಿ ಹಣಕಾಸಿನ ಕಥೆಯಾಗಿಯೇ ತೋರುತ್ತದೆ. ಆ ಕಥೆಯನ್ನು ಅರಿಯಲು ವರ್ಷದಲ್ಲಿ ತಕ್ಕ ಕಾಲವೆಂದರೆ ಅಲ್ಲಿನ ಬೇಸಿಗೆಯ ಆರಂಭ, ಅಂದರೆ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗಿನ ಐದಾರು ವಾರಗಳು.

ಅವರ ಬೇಸಿಗೆ, ನಮ್ಮ ಮುಂಗಾರು

ಬೇಸಿಗೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚೈತ್ರ ವೈಶಾಖದ ಬಿಸಿಲು, ಬತ್ತಿದ ಕೆರೆ, ಮೇವಿಗಾಗಿ ಪರದಾಡುವ ದನಕರು. ನ್ಯೂ ಹ್ಯಾಂಪ್‌ಶೈರಿನ ಬೇಸಿಗೆಯನ್ನು ಈ ಕಣ್ಣಿನಿಂದ ನೋಡಿದರೆ ತಪ್ಪಾಗುತ್ತದೆ. ಅಲ್ಲಿ ನೆಲ ತಿಂಗಳುಗಟ್ಟಲೆ ಹಿಮದಡಿಯಲ್ಲಿದ್ದು, ಏಪ್ರಿಲ್‌ನಲ್ಲಿ ಕೆಸರಾಗಿ, ಮೇ ತಿಂಗಳಲ್ಲಿ ಒಮ್ಮೆಗೇ ಹಸುರೇರುತ್ತದೆ. ಕೆಲಸದ ಒತ್ತಡದ ದೃಷ್ಟಿಯಿಂದ ಅವರ ಬೇಸಿಗೆಯ ಆರಂಭವನ್ನು ನಮ್ಮ ರೋಹಿಣಿ, ಮೃಗಶಿರಾ ಮಳೆಗಳ ಕಾಲಕ್ಕೆ ಹೋಲಿಸುವುದೇ ಸರಿ. ಒಂದು ದಿನ ತಡವಾದರೆ ಒಂದು ತಿಂಗಳ ನಷ್ಟ ಎಂದು ನಮ್ಮ ರೈತರು ಹದ ಕಾಯುವಂತೆಯೇ ಅವರೂ ಕಾಯುತ್ತಾರೆ. ವ್ಯತ್ಯಾಸವೆಂದರೆ, ನಮ್ಮವರು ಆಕಾಶದಲ್ಲಿ ಮೋಡ ಹುಡುಕಿದರೆ ಅವರು ಹವಾಮಾನ ವರದಿಯಲ್ಲಿ ಇಬ್ಬನಿಗಟ್ಟುವ ರಾತ್ರಿಗಳನ್ನು ಹುಡುಕುತ್ತಾರೆ. ಟೊಮೇಟೊ, ಬದನೆ, ಮೆಣಸಿನ ಸಸಿಗಳನ್ನು ಹೊಲಕ್ಕೆ ಇಳಿಸುವುದು ಮೇ ತಿಂಗಳ ಕೊನೆಯ ಸೋಮವಾರದ ಆಸುಪಾಸಿನಲ್ಲಿ, ಯೋಧರ ಸ್ಮಾರಕ ದಿನದ ರಜೆಯ ಹೊತ್ತಿಗೆ. ಅದಕ್ಕೆ ಮುಂಚೆ ಇಳಿಸಿದರೆ ಒಂದೇ ರಾತ್ರಿಯ ಹಿಮಪಾತಕ್ಕೆ ಇಡೀ ಮಡಿ ಕಪ್ಪಾಗಿ ಬಾಡಿಬಿಡುತ್ತದೆ. 2023ರ ಮೇ 18ರ ಬೆಳಗಿನ ಜಾವ ಇಂತಹ ತಡವಾದ ಹಿಮವೊಂದು ನ್ಯೂ ಇಂಗ್ಲೆಂಡ್ ಪ್ರದೇಶದ ಅನೇಕ ಸೇಬಿನ ತೋಟಗಳ ಹೂ, ಕಾಯಿಗಳನ್ನು ಸುಟ್ಟುಹಾಕಿತು.

ಈ ಕೊರತೆಗೆ ಪ್ರತಿಯಾಗಿ ಪ್ರಕೃತಿ ಅವರಿಗೆ ಕೊಟ್ಟಿರುವುದು ಬೆಳಕು. ಜೂನ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ಹಗಲು ಹದಿಮೂರು ಗಂಟೆಗೂ ಕೊಂಚ ಕಡಿಮೆ. ವಿಲ್ಟನ್‌ನಲ್ಲಿ ಹದಿನೈದು ಗಂಟೆಗೂ ಮಿಗಿಲು. ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಕೊಟ್ಟಿಗೆಗೆ ಹೋದವರು ರಾತ್ರಿ ಎಂಟರ ನಂತರವೂ ಬರಿಗಣ್ಣಿನಲ್ಲಿ ಕಳೆ ಕೀಳಬಲ್ಲರು, ಕೀಳುತ್ತಾರೆ ಕೂಡ. ಬೆಳೆಗೆ ಎಷ್ಟು ಬೆಳಕೋ ಕಳೆಗೂ ಅಷ್ಟೇ ಬೆಳಕು. ಕ್ಯಾರೆಟ್ ಬಿತ್ತಿದ ಮಡಿಯಲ್ಲಿ ಮೊಳಕೆ ಕಾಣಿಸಿಕೊಳ್ಳಲು ಎರಡು ವಾರ ಬೇಕು. ಕಳೆ ಐದೇ ದಿನಕ್ಕೆ ಏಳುತ್ತದೆ. ಕಳೆನಾಶಕ ಬಳಸದ ತೋಟಗಳಲ್ಲಿ ಜೂನ್ ತಿಂಗಳ ಕೂಲಿಯ ದೊಡ್ಡ ಭಾಗ ಈ ಒಂಬತ್ತು ದಿನಗಳ ಅಂತರವನ್ನು ತುಂಬಲು ಹೋಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ನಮ್ಮ ಎಡೆಕುಂಟೆಯ ಸಂಬಂಧಿಯಂತಿರುವ ಗಾಲಿ ಕುಂಟೆ, ಉದ್ದ ಹಿಡಿಯ ಕಳೆಗುದ್ದಲಿ, ಕೊನೆಗೆ ಮೊಣಕಾಲೂರಿ ಕೈಬೆರಳು. ಮೋಡದಂತೆ ಮುತ್ತುವ ಕಚ್ಚುವ ಕಪ್ಪು ನೊಣಗಳಿಂದಾಗಿ ಈ ಕೆಲಸ ಚಿತ್ರಪಟಗಳಲ್ಲಿ ಕಾಣುವಷ್ಟು ರಮಣೀಯವಲ್ಲ.

ಇಷ್ಟೆಲ್ಲ ದುಡಿಮೆಯ ಈ ತಿಂಗಳಿನಲ್ಲಿ ಸದಸ್ಯನ ಚೀಲಕ್ಕೆ ಬೀಳುವುದು ಬಹಳ ಕಡಿಮೆ ಎಂಬುದೇ ಇಲ್ಲಿನ ಸೋಜಿಗ. ಆಸ್ಪರಾಗಸ್ ದಂಟು, ಹುಳಿಯಾದ ರೂಬಾರ್ಬ್ ಕಾಂಡ, ಪಾಲಕ್, ಲೆಟ್ಯೂಸ್, ಮೂಲಂಗಿ, ಬೆಳ್ಳುಳ್ಳಿ ಗಿಡದ ಸುರುಳಿಯಾದ ಹೂದಂಟು, ತಿಂಗಳ ನಡುವಿಗೆ ಸ್ಟ್ರಾಬೆರಿ, ಕೊನೆಗೆ ಬಟಾಣಿ. ಟೊಮೇಟೊ ಬರುವುದು ಜುಲೈ ಕೊನೆಗೆ ಅಥವಾ ಆಗಸ್ಟಿಗೆ. ಹೊಸದಾಗಿ ಸೇರಿದ ಸದಸ್ಯರು, ‘ದುಡ್ಡು ಕೊಟ್ಟು ಮೂರು ತಿಂಗಳಾಯಿತು, ಬರೀ ಸೊಪ್ಪು ಬರುತ್ತಿದೆ’ ಎಂದು ಗೊಣಗುವುದು ಜೂನ್‌ನಲ್ಲಿಯೇ. ಇಂತಹ ತೋಟಗಳನ್ನು ನಡೆಸುವವರು ಸದಸ್ಯರಿಗೆ ವಾರವಾರವೂ ಪತ್ರ ಬರೆಯುವ ರೂಢಿ ಇಟ್ಟುಕೊಂಡಿರುವುದು ಈ ಕಾರಣಕ್ಕೆ. ಹೊಲದಲ್ಲಿ ಏನಾಗುತ್ತಿದೆ ಎಂಬುದು ತಿಳಿದಿದ್ದರೆ ಗಿರಾಕಿ ಕಾಯುತ್ತಾನೆ. ತಿಳಿಯದಿದ್ದರೆ ಮುಂದಿನ ವರ್ಷ ಬರುವುದಿಲ್ಲ.

ಮೂರು ದಿನದ ಬಿಸಿಲು

ತರಕಾರಿಗಿಂತ ಹೈನಿನ ಕಡೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಒಣಹುಲ್ಲು ಮೇಯ್ದ ಹಸುಗಳನ್ನು ಮೇ ತಿಂಗಳಲ್ಲಿ ಹುಲ್ಲುಗಾವಲಿಗೆ ಬಿಡುತ್ತಾರೆ. ವಯಸ್ಸಾದ ಹಸುಗಳೂ ಕರುಗಳಂತೆ ಕುಣಿಯುತ್ತವೆ; ಇದನ್ನು ನೋಡಲೆಂದೇ ಮಕ್ಕಳೊಡನೆ ಬರುವ ಜನರಿದ್ದಾರೆ. ಆದರೆ ಎಳೆ ಹುಲ್ಲು, ಅದರಲ್ಲೂ ಇಬ್ಬನಿ ಹಿಡಿದ ಕ್ಲೋವರ್ ಸೊಪ್ಪು, ಹಸಿದ ಹಸುವಿನ ಹೊಟ್ಟೆಗೆ ಅಪಾಯಕಾರಿ. ಹೊಟ್ಟೆಯುಬ್ಬರದಿಂದ ಗಂಟೆಗಳಲ್ಲಿ ಹಸು ಸಾಯಬಹುದು. ಆದ್ದರಿಂದ ಮೊದಲ ದಿನಗಳಲ್ಲಿ ಹೊಟ್ಟೆ ತುಂಬ ಒಣಹುಲ್ಲು ಹಾಕಿ, ಬಳಿಕ ಒಂದೆರಡು ಗಂಟೆ ಮಾತ್ರ ಮೇಯಲು ಬಿಟ್ಟು, ಕ್ರಮೇಣ ಅವಧಿ ಹೆಚ್ಚಿಸುತ್ತಾರೆ. ಹುಲ್ಲುಗಾವಲನ್ನು ವಿದ್ಯುತ್ ತಂತಿಯಿಂದ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಒಂದೊಂದು ದಿನ ಒಂದೊಂದು ತುಂಡಿನಲ್ಲಿ ಮೇಯಿಸಿ, ಮೇಯ್ದ ತುಂಡಿಗೆ ಮೂರು ನಾಲ್ಕು ವಾರ ವಿರಾಮ ಕೊಡುವುದು ಈಗ ಸಾಮಾನ್ಯ ಕ್ರಮ. ಹಸಿಮೇವು ಸಿಕ್ಕೊಡನೆ ಹಾಲಿನ ಇಳುವರಿ ಏರುತ್ತದೆ, ಹಾಲು ಬೆಣ್ಣೆಗಳಿಗೆ ಹಳದಿ ಛಾಯೆ ಬರುತ್ತದೆ, ಜಿಡ್ಡಿನ ಅಂಶ ಮಾತ್ರ ಕೊಂಚ ತಗ್ಗುತ್ತದೆ. ನಮ್ಮ ಡೇರಿಗಳಿಗೆ ಹಾಲು ಹಾಕುವವರಿಗೆ ಮಳೆಗಾಲದ ಈ ಅನುಭವ ಚೆನ್ನಾಗಿ ಗೊತ್ತು. ಅಳತೆ ಏರಿದರೂ ಫ್ಯಾಟ್ ಇಳಿದು ಲೀಟರಿನ ದರ ಕೈಕೊಡುತ್ತದೆ.

ಹಾಲು ಏರಿದಾಗ ಹೆಚ್ಚಿದ್ದನ್ನು ಏನು ಮಾಡುವುದು? ಹಾಲಿಗೆ ನಾಳೆ ಎಂಬುದಿಲ್ಲ. ಆದ್ದರಿಂದ ಮೊಸರು, ಚೀಸ್. ಸುಮಾರು ಹತ್ತು ಲೀಟರ್ ಹಾಲಿಗೆ ಒಂದು ಕಿಲೋ ಗಟ್ಟಿ ಚೀಸ್ ದೊರೆಯುತ್ತದೆ. ಕಾಯಿಸದ ಹಾಲಿನಿಂದ ಮಾಡಿದ ಚೀಸನ್ನು ಕನಿಷ್ಠ 60 ದಿನ ಮಾಗಿಸಿದ ಮೇಲಷ್ಟೇ ಮಾರಬೇಕೆಂಬುದು ಅಮೆರಿಕದ ಒಕ್ಕೂಟ ಸರ್ಕಾರದ ನಿಯಮ. ಕಾಯಿಸದ ಹಾಲನ್ನು ಬಳಕೆದಾರರಿಗೆ ರಾಜ್ಯದ ಗಡಿ ದಾಟಿಸಿ ಮಾರುವುದಕ್ಕೆ 1987ರಿಂದ ನಿಷೇಧವಿದೆ. ರಾಜ್ಯದೊಳಗಿನ ಮಾರಾಟವನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ, ನ್ಯೂ ಹ್ಯಾಂಪ್‌ಶೈರ್ ಅದಕ್ಕೆ ಅವಕಾಶ ಕೊಟ್ಟಿದೆ. ಹಾಲು ಕಾಯಿಸದೆ ಕುಡಿಯುವುದು ಒಳ್ಳೆಯದೆಂಬ ಅಲ್ಲಿನ ಒಂದು ವರ್ಗದ ನಂಬಿಕೆಯನ್ನು ಈ ಲೇಖಕ ಒಪ್ಪುವುದಿಲ್ಲ. ಹಾಲು ಉಕ್ಕುವವರೆಗೆ ಕಾಯಿಸುವ ನಮ್ಮ ಮನೆಗಳ ರೂಢಿಯೇ ಕ್ಷೇಮ. ವರ್ತಕರ ಗಮನಕ್ಕೆ ಬರಬೇಕಾದ ಅಂಶ ಬೇರೆ: ಜೂನ್ ತಿಂಗಳ ಹೆಚ್ಚುವರಿ ಹಾಲು ಚೀಸಿನ ರೂಪದಲ್ಲಿ ನೆಲಮಾಳಿಗೆಯ ದಾಸ್ತಾನಾಗಿ, ಹಾಲು ಕಡಿಮೆಯಿರುವ ಚಳಿಗಾಲದಲ್ಲಿ ಸದಸ್ಯರಿಗೆ ಸಲ್ಲುತ್ತದೆ.

ಇದಕ್ಕಿಂತ ದೊಡ್ಡ ದಾಸ್ತಾನು ಒಣಹುಲ್ಲು. ನವೆಂಬರಿನಿಂದ ಮೇ ಆರಂಭದವರೆಗೆ, ಆರು ತಿಂಗಳಿಗೂ ಮಿಕ್ಕಿ, ಹಸುಗಳಿಗೆ ಹೊರಗೆ ಮೇವಿಲ್ಲ. ಜರ್ಸಿಯಂತಹ ಸಾಧಾರಣ ಗಾತ್ರದ ಹಸುವೊಂದಕ್ಕೆ ದಿನಕ್ಕೆ ಹನ್ನೆರಡು ಕಿಲೋ ಎಂದು ಹಿಡಿದರೂ ಇನ್ನೂರು ದಿನಕ್ಕೆ 2,400 ಕಿಲೋ ಬೇಕು. ಹುಲ್ಲಿನ ಮೊದಲ ಕೊಯ್ಲು ಜೂನ್‌ನಲ್ಲಿ. ತೆನೆ ಹೊರಡುವ ಹೊತ್ತಿಗೆ ಕೊಯ್ದರೆ ಮೇವಿನಲ್ಲಿ ಸತ್ತ್ವವಿರುತ್ತದೆ. ಎರಡು ವಾರ ಬಿಟ್ಟರೆ ಬರೀ ಕಡ್ಡಿ. ಕೊಯ್ದ ಹುಲ್ಲನ್ನು ಹರಡಿ, ತಿರುವಿ, ಸಾಲುಗೂಡಿಸಿ, ಕಟ್ಟು ಕಟ್ಟಿ ಸೂರಿನಡಿ ಸೇರಿಸಲು ಒಟ್ಟಿಗೆ ಮೂರು ದಿನದ ಒಣ ಬಿಸಿಲು ಬೇಕು. ಆ ಪ್ರದೇಶದ ಜೂನ್‌ನಲ್ಲಿ ಮೂರು ದಿನ ಸತತ ಬಿಸಿಲು ಎಂಬುದಕ್ಕೆ ಯಾರೂ ಖಾತರಿ ಕೊಡುವುದಿಲ್ಲ. ಎರಡನೆಯ ದಿನ ಮಳೆ ಬಂದರೆ ಹುಲ್ಲು ಕಪ್ಪಾಗುತ್ತದೆ. ಅವಸರಪಟ್ಟು ಹಸಿಯಾಗಿಯೇ ಕಟ್ಟಿ ಅಟ್ಟಕ್ಕೇರಿಸಿದರೆ ಒಳಗೊಳಗೇ ಕಾವೇರಿ, ಕೆಲ ವಾರಗಳ ನಂತರ ತಾನಾಗಿ ಹೊತ್ತಿಕೊಂಡು ಕೊಟ್ಟಿಗೆಯೇ ಉರಿದುಹೋದ ನಿದರ್ಶನಗಳಿವೆ. ಹಸಿ ಬಣವೆ ಒಟ್ಟಬಾರದೆಂದು ನಮ್ಮ ಹಿರಿಯರೂ ಎಚ್ಚರಿಸುತ್ತಿದ್ದುದು ಇದಕ್ಕೇ. ಸದಸ್ಯರಿಗೆ ಕರೆ ಹೋಗುವುದು ಮೂರನೆಯ ದಿನದ ಮಧ್ಯಾಹ್ನ. ವಕೀಲರು, ಶಾಲಾ ಶಿಕ್ಷಕರು ಎನ್ನದೆ ಬಿಡುವಿದ್ದವರು ಬಂದು ಗಾಡಿಗೆ ಕಟ್ಟು ಏರಿಸುತ್ತಾರೆ. ಅಂಗಡಿಯ ಗಿರಾಕಿ ಗೋದಾಮಿನ ಮೂಟೆ ಹೊರುವುದನ್ನು ನಮ್ಮ ಪೇಟೆಯಲ್ಲಿ ಕಂಡವರಿಲ್ಲ.

ಈ ಒಂದು ಕೊಯ್ಲಿನ ಫಲಿತಾಂಶ ಖಾತೆ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು ಏಳು ತಿಂಗಳ ನಂತರ. ಜೂನ್‌ನ ಹುಲ್ಲು ಕೆಟ್ಟರೆ ಜನವರಿಯ ಹಾಲು ಕಡಿಮೆ. ಇಲ್ಲವೇ ಹೊರಗಿನಿಂದ ದುಬಾರಿ ಮೇವು ಕೊಳ್ಳಬೇಕು. ಯಾರ ಹಣದಿಂದ?

ಚೀಟಿಯ ಕೂಗು ತಲೆಕೆಳಗಾದಾಗ

ಸಾಮಾನ್ಯ ತೋಟಗಾರನ ಹಣದ ಹರಿವು ಹೀಗಿರುತ್ತದೆ. ಜನವರಿಯಲ್ಲಿ ಬೀಜಕ್ಕೆ ಹಣ, ಮಾರ್ಚಿನಲ್ಲಿ ಸಸಿಮನೆಯ ಕಾವಿಗೆ ಇಂಧನ, ಏಪ್ರಿಲ್‌ನಲ್ಲಿ ಯಂತ್ರಗಳ ದುರಸ್ತಿ, ಮೇ ಜೂನ್‌ನಲ್ಲಿ ಕೂಲಿ. ಆದಾಯ ಕಣ್ಣಿಗೆ ಬೀಳುವುದು ಜುಲೈ ನಂತರ. ಈ ಆರು ತಿಂಗಳ ಕಂದರವನ್ನು ಸಾಲದಿಂದ ದಾಟಬೇಕು. ನಮ್ಮ ಮಂಡಿಯ ದಲಾಲರಿಂದ ಮುಂಗಡ ಪಡೆದ ರೈತ ಬೆಳೆಯನ್ನು ಅದೇ ಮಂಡಿಗೆ, ಅವರು ಕೂಗಿದ ದರಕ್ಕೆ ತರಬೇಕಾಗುವುದು ಈ ಕಂದರದ ದೆಸೆಯಿಂದಲೇ. ಟೆಂಪಲ್-ವಿಲ್ಟನ್ ತೋಟವನ್ನು ಕಟ್ಟಿದ ಟ್ರಾಗರ್ ಗ್ರೋ, ಲಿಂಕನ್ ಗೈಗರ್, ಆಂಥೊನಿ ಗ್ರಹಾಂ ಎಂಬ ಮೂವರು ರೈತರು ಬೇರೆ ದಾರಿ ಹಿಡಿದರು. ಗ್ರೋ ಜರ್ಮನಿಯಿಂದ ಬಂದವರು. ಹ್ಯಾಂಬರ್ಗ್ ಸಮೀಪದ ಬುಶ್‌ಬೆರ್ಗ್‌ಹೋಫ್ ಎಂಬ ತೋಟದಲ್ಲಿ ಬೇಸಾಯಗಾರರಲ್ಲದ ಕುಟುಂಬಗಳು ರೈತರೊಡನೆ ಆರ್ಥಿಕ ಹೊಣೆ ಹಂಚಿಕೊಂಡ ಪ್ರಯೋಗದಲ್ಲಿ ಭಾಗಿಯಾಗಿದ್ದವರು.

ಇವರ ಕ್ರಮ ಸರಳವಾದುದು. ಕಿಲೋಗೆ ಎಷ್ಟು, ಲೀಟರಿಗೆ ಎಷ್ಟು ಎಂಬ ದರವೇ ಇಲ್ಲ. ಬರುವ ವರ್ಷ ತೋಟ ನಡೆಸಲು ತಗಲುವ ಎಲ್ಲ ಖರ್ಚನ್ನು, ಬೀಜ, ಇಂಧನ, ದುರಸ್ತಿ, ವಿಮೆ, ರೈತರ ಸಂಸಾರ ನಿರ್ವಹಣೆ ಸಹಿತ, ಒಂದು ಹಾಳೆಯಲ್ಲಿ ಬರೆದು ಸದಸ್ಯರ ವಾರ್ಷಿಕ ಸಭೆಯ ಮುಂದಿಡುತ್ತಾರೆ. ಪ್ರತಿ ಕುಟುಂಬವೂ ತನ್ನ ಶಕ್ತ್ಯನುಸಾರ ಇಷ್ಟು ಕೊಡುತ್ತೇವೆಂದು ಮಾತು ಕೊಡುತ್ತದೆ. ಎಲ್ಲರ ಮಾತು ಕೂಡಿಸಿದಾಗ ಖರ್ಚಿಗೆ ಸಾಲದಿದ್ದರೆ ಮತ್ತೊಮ್ಮೆ ಸುತ್ತು. ಒಪ್ಪಂದ ಕೂಡಿದ ಮೇಲೆ ಸದಸ್ಯರು ತಮಗೆ ಬೇಕಾದಷ್ಟು ತರಕಾರಿ, ಹಾಲು ಒಯ್ಯಬಹುದು. ಕೊಟ್ಟ ಹಣಕ್ಕೂ ಒಯ್ದ ತೂಕಕ್ಕೂ ನೇರ ಸಂಬಂಧವಿಲ್ಲ.

ನಮ್ಮ ಓದುಗರಿಗೆ ಇದನ್ನು ಚೀಟಿಯ ಮೂಲಕ ವಿವರಿಸುವುದು ಸುಲಭ. ಒಂದು ಲಕ್ಷದ ಚೀಟಿಯನ್ನು ಹಣದ ತುರ್ತಿದ್ದವನು ಎಂಬತ್ತು ಸಾವಿರಕ್ಕೆ ಕೂಗಿ ಎತ್ತಿಕೊಳ್ಳುತ್ತಾನೆ. ಅವನು ಬಿಟ್ಟ ಇಪ್ಪತ್ತು ಸಾವಿರದಲ್ಲಿ ಚೀಟಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ಸದಸ್ಯರಿಗೆ ಹಂಚಿಕೆಯಾಗುತ್ತದೆ. ಅಲ್ಲಿ ತುರ್ತಿನವನು ಕೆಳಕ್ಕೆ ಕೂಗುತ್ತಾನೆ. ಇಲ್ಲಿ ಅನುಕೂಲಸ್ಥನು ಮೇಲಕ್ಕೆ ಕೂಗಬೇಕು. ಲೆಕ್ಕಕ್ಕಾಗಿ ಒಂದು ತೋಟದ ವರ್ಷದ ಖರ್ಚು 30 ಲಕ್ಷ ರೂಪಾಯಿ, ಸದಸ್ಯ ಕುಟುಂಬಗಳು ನೂರು ಎಂದು ಭಾವಿಸೋಣ. ಸರಾಸರಿ ಮೂವತ್ತು ಸಾವಿರ. ನಿವೃತ್ತ ಶಿಕ್ಷಕಿಯೊಬ್ಬರು ಹದಿನೆಂಟು ಸಾವಿರ ಎನ್ನಬಹುದು, ವೈದ್ಯರೊಬ್ಬರು ನಲವತ್ತೈದು ಎನ್ನಬಹುದು. ಮೊದಲ ಸುತ್ತಿಗೆ 27 ಲಕ್ಷ 40 ಸಾವಿರ ಬಂದಿತೆನ್ನಿ. ಉಳಿದ 2 ಲಕ್ಷ 60 ಸಾವಿರಕ್ಕೆ ಯಾರು ಕೈ ಎತ್ತುತ್ತಾರೆ? ಸಭೆಯಲ್ಲಿ ಆಗ ಕವಿಯುವ ಮೌನವನ್ನು ಸಂಘ ಸಂಸ್ಥೆಗಳ ವಾರ್ಷಿಕ ಸಭೆಗಳಲ್ಲಿ ಕುಳಿತವರೆಲ್ಲರೂ ಬಲ್ಲರು. ಜರ್ಮನಿಯ ಅನೇಕ ತೋಟಗಳಲ್ಲಿ ಮುಜುಗರ ತಪ್ಪಿಸಲು ಹೆಸರು ಬರೆಯದ ಚೀಟಿಗಳಲ್ಲಿ ಮೊತ್ತ ಬರೆದು ಪೆಟ್ಟಿಗೆಗೆ ಹಾಕುವ ಕ್ರಮವಿದೆ. ಆ ದೇಶದಲ್ಲಿ ಇಂತಹ ತೋಟಗಳ ಜಾಲವು 2011ರಲ್ಲಿ ಸ್ಥಾಪನೆಯಾಗಿ, ಈಗ ತೋಟಗಳ ಸಂಖ್ಯೆ ನಾನೂರಕ್ಕೂ ಮಿಕ್ಕಿದೆ.

ಚೀಟಿ ನಡೆಯುವುದು ಪರಿಚಯದ ಬಲದ ಮೇಲೆ. ವಿಲ್ಟನ್‌ನಲ್ಲಿಯೂ ಅಷ್ಟೇ. ಅಲ್ಲಿ 1942ರಿಂದ ಇರುವ ಹೈ ಮೋಯಿಂಗ್ ಎಂಬ ಶಾಲೆಯ ಸುತ್ತ, ರುಡಾಲ್ಫ್ ಸ್ಟೈನರ್ ಎಂಬ ಆಸ್ಟ್ರಿಯಾದ ಚಿಂತಕನ ವಿಚಾರಗಳನ್ನು ಮೆಚ್ಚಿದ ಜನರ ಸಮುದಾಯವೊಂದು ಮೊದಲೇ ಬೆಳೆದಿತ್ತು. 1924ರ ಜೂನ್‌ನಲ್ಲಿ ಸ್ಟೈನರ್ ಕೃಷಿಯ ಬಗ್ಗೆ ಕೊಟ್ಟ ಉಪನ್ಯಾಸಗಳಿಂದ ಹೊರಟ ‘ಜೈವಿಕ ಚಲನಶೀಲ’ ಬೇಸಾಯವನ್ನೇ ಈ ತೋಟವೂ ಅನುಸರಿಸುತ್ತದೆ. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ಹೂತು, ವಸಂತದಲ್ಲಿ ತೆಗೆದು ನೀರಿನಲ್ಲಿ ಕದಡಿ ಹೊಲಕ್ಕೆ ಎರಚುವುದು ಅದರ ಒಂದು ಆಚರಣೆ. ವಿಜ್ಞಾನದ ಒರೆಗಲ್ಲಿಗೆ ಅದು ಎಷ್ಟು ನಿಲ್ಲುವುದೋ ಹೇಳುವುದು ಕಷ್ಟ. ಆದರೆ ಆ ನಂಬಿಕೆ ಒಂದಷ್ಟು ಕುಟುಂಬಗಳನ್ನು ಒಟ್ಟು ಹಿಡಿದಿದೆ ಎಂಬುದು ಖಚಿತ. ಗಿರಾಕಿಗಳ ಬಳಗ ಮೊದಲು ಇದ್ದು, ತೋಟ ಆಮೇಲೆ ಬಂದ ಸಂದರ್ಭವಿದು. ಇದನ್ನು ಗಮನಿಸದೆ ಬರೀ ಪದ್ಧತಿಯನ್ನು ಎರವಲು ತಂದವರು ಎಡವಿದ್ದುಂಟು.

ನಮಗಿದು ತೀರಾ ಅಪರಿಚಿತವೂ ಅಲ್ಲ. ಪಟ್ಟಣದ ಮನೆಗಳಿಗೆ ವರ್ತನೆ ಹಾಲು ಹಾಕುತ್ತಿದ್ದವರು ತಿಂಗಳ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು, ಹಸು ಕೊಳ್ಳಬೇಕಾದಾಗ ಅದೇ ಮನೆಗಳಿಂದ ಮುಂಗಡ ಕೇಳುತ್ತಿದ್ದರು. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಕುಂಬಾರ ಮೊದಲಾದ ಆಯಗಾರರು ವರ್ಷವಿಡೀ ದುಡಿದು ಸುಗ್ಗಿಯ ಕಣದಲ್ಲಿ ಕಾಳಿನ ಪಾಲು ಪಡೆಯುತ್ತಿದ್ದರು. ಕುಳ ಎಷ್ಟು ಬಾರಿ ತಟ್ಟಿಸಿದೆ ಎಂದು ಯಾರೂ ಎಣಿಸುತ್ತಿರಲಿಲ್ಲ. ಬರ ಬಂದ ವರ್ಷ ಆಯವೂ ಕುಗ್ಗುತ್ತಿತ್ತು. ಆದರೆ ಆ ವ್ಯವಸ್ಥೆಗೆ ಜಾತಿಯ ಕಟ್ಟು ಇತ್ತು, ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ಆದುದರಿಂದ ಹಳೆಯದನ್ನು ಹೊಗಳುತ್ತ ಕೂರುವುದು ಸಲ್ಲದು.

2009ರ ಜೂನ್

ಹೊಣೆ ಹಂಚಿಕೆ ಎಂಬ ಮಾತು ಒಳ್ಳೆಯ ವರ್ಷದಲ್ಲಿ ಕೇಳಲು ಹಿತ. ಅದರ ಪರೀಕ್ಷೆಯಾದದ್ದು 2009ರಲ್ಲಿ. ಆ ವರ್ಷ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳು ತಂಪಾಗಿ, ಬಿಡದೆ ಮಳೆ ಸುರಿಯಿತು. ಹುಲ್ಲಿನ ಕೊಯ್ಲಿಗೆ ಬಿಸಿಲು ಸಿಗದಿರುವುದು ಒಂದು ಕಡೆಯಾದರೆ, ದೊಡ್ಡ ಅಂಗಡಿಗಳಲ್ಲಿ ಮನೆ ಕೈತೋಟಗಳಿಗೆಂದು ಮಾರಾಟವಾದ ಟೊಮೇಟೊ ಸಸಿಗಳ ಮೂಲಕ ಕೊನೆ ಅಂಗಮಾರಿ ರೋಗ ರಾಜ್ಯದಿಂದ ರಾಜ್ಯಕ್ಕೆ ಹರಡಿತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಕ್ಷಾಮ ತಂದ ರೋಗವೇ ಇದು. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಇದರ ಪರಿಚಯ ಬೇಕಿಲ್ಲ; ಮುಂಗಾರಿನಲ್ಲಿ ಮೋಡ ಮುಸುಕಿ ತುಂತುರು ಹಿಡಿದ ವಾರದಲ್ಲಿ ಹಸುರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಕಪ್ಪಾಗಿ ಮಲಗುವುದನ್ನು ಅವರು ಕಂಡಿದ್ದಾರೆ. ರೋಗದ ಬೀಜಕಣಗಳು ಗಾಳಿಯಲ್ಲಿ ಮೈಲಿಗಟ್ಟಲೆ ಸಾಗುತ್ತವೆ. ಸಾವಯವ ಬೆಳೆಗಾರರಿಗೆ ತಾಮ್ರದ ಸಿಂಪಡಣೆಯನ್ನು ಬಿಟ್ಟರೆ ಹೆಚ್ಚಿನ ಆಯುಧವಿಲ್ಲ, ಅದೂ ರೋಗ ಬರುವ ಮುನ್ನ ಸಿಂಪಡಿಸಿದರೆ ಮಾತ್ರ.

ಮುಂಗಡ ಕೊಟ್ಟ ಸಾವಿರಾರು ಕುಟುಂಬಗಳು ಆ ವರ್ಷ ಟೊಮೇಟೊ ಕಾಣಲಿಲ್ಲ. ಕೆಲವು ತೋಟಗಳಲ್ಲಿ ಗಿಡಗಳನ್ನು ಕಿತ್ತು ಸುಡುವುದೊಂದೇ ದಾರಿಯಾಯಿತು. ಹಾಸನದ ರೈತನಿಗಾದರೆ ಬಿತ್ತನೆ ಗಡ್ಡೆಯ ಸಾಲ ಹಾಗೆಯೇ ಉಳಿದು, ಮರುವರ್ಷ ಅದರ ಮೇಲೆ ಹೊಸ ಸಾಲ ಏರುತ್ತದೆ. ಈ ತೋಟಗಳ ರೈತರ ಮೇಲೆ ಸಾಲ ಏರಲಿಲ್ಲ. ನಷ್ಟವೇನೂ ಮಾಯವಾಗಲಿಲ್ಲ, ಒಬ್ಬನ ತಲೆಯ ಮೇಲೆ ಬೀಳಬೇಕಾದದ್ದು ನೂರು ಅಡುಗೆಮನೆಗಳಿಗೆ ಸಣ್ಣ ಸಣ್ಣ ಕೊರತೆಯಾಗಿ ಹಂಚಿಹೋಯಿತು. ಟೊಮೇಟೊ ಕೈಕೊಟ್ಟ ತಂಪು ಹವೆಗೆ ಕೋಸು, ಸೊಪ್ಪುಗಳು ಒಗ್ಗುತ್ತವೆ. ಹಲವು ಬಗೆ ಬೆಳೆಯುವ ತೋಟಕ್ಕೆ ಇದು ಇನ್ನೊಂದು ರಕ್ಷೆ. ಆದರೂ ಬರಿಗೈಯಲ್ಲಿ ಹೋದ ಸದಸ್ಯರೆಲ್ಲರೂ ಮರುವರ್ಷ ಬರುತ್ತಾರೆಂಬ ಖಾತರಿ ಇಲ್ಲ. ಒಪ್ಪಂದ ಒಂದು ವರ್ಷದ್ದು ಮಾತ್ರ, ಪ್ರತಿ ವಸಂತದಲ್ಲಿ ವಿಶ್ವಾಸವನ್ನು ಹೊಸದಾಗಿ ಗಳಿಸಬೇಕು.

ಲೆಕ್ಕಕ್ಕೆ ಬಾರದ ಬಾಬತ್ತುಗಳು

ಈ ಪದ್ಧತಿಯ ಹೊಗಳಿಕೆ ಬಹಳ ಕಡೆ ಓದಲು ಸಿಗುತ್ತದೆ, ಅದರ ದೌರ್ಬಲ್ಯಗಳ ಮಾತು ಕಡಿಮೆ. ಮೊದಲನೆಯದು ರೈತರ ಸ್ವಂತ ದುಡಿಮೆಯ ಬೆಲೆ. ಟೆಂಪಲ್-ವಿಲ್ಟನ್‌ನಂತೆ ಖರ್ಚಿನ ಹಾಳೆಯಿಂದ ಹೊರಡುವ ತೋಟಗಳು ಕಡಿಮೆ. ಹೆಚ್ಚಿನವರು ನೆರೆಯ ತೋಟದ ಪಾಲಿನ ದರ ನೋಡಿ ತಮ್ಮ ದರ ನಿಗದಿ ಮಾಡುತ್ತಾರೆ; ತಮ್ಮ ಹದಿನಾಲ್ಕು ಗಂಟೆಯ ದುಡಿಮೆಗೆ, ಯಂತ್ರದ ಸವಕಳಿಗೆ, ವೃದ್ಧಾಪ್ಯಕ್ಕೆ ಏನನ್ನೂ ಸೇರಿಸುವುದಿಲ್ಲ. ಸಣ್ಣ ಕಾರ್ಖಾನೆ ನಡೆಸುವ ನಮ್ಮಲ್ಲಿ ಎಷ್ಟೋ ಮಂದಿ ಮಾಡುವ ತಪ್ಪೂ ಇದೇ. ಕಲಿಯಲೆಂದು ಬಂದ ಯುವಜನರ ಅಗ್ಗದ ದುಡಿಮೆಯ ಮೇಲೆ ನಿಂತ ತೋಟಗಳೂ ಇವೆ, ಅದು ಚರ್ಚೆಗೆ ಒಳಗಾಗಿದೆ.

ಎರಡನೆಯದು ಹೆಸರಿನ ದುರುಪಯೋಗ. ಸಗಟು ಮಾರುಕಟ್ಟೆಯಲ್ಲಿ ಕೊಂಡ ತರಕಾರಿಯನ್ನು ಪೆಟ್ಟಿಗೆಗೆ ತುಂಬಿ ಮನೆಗೆ ತಲುಪಿಸುವ ಸಂಸ್ಥೆಗಳೂ ತಮ್ಮನ್ನು ‘ಸಮುದಾಯ ಬೆಂಬಲಿತ’ ಎಂದು ಕರೆದುಕೊಳ್ಳತೊಡಗಿದಾಗ, ಕ್ಯಾಲಿಫೋರ್ನಿಯಾ ರಾಜ್ಯವು 2013ರಲ್ಲಿ ಶಾಸನ ಮಾಡಿ ಈ ಹೆಸರಿಗೆ ವ್ಯಾಖ್ಯೆ ಕೊಡಬೇಕಾಯಿತು. 2015ರ ಅಮೆರಿಕದ ಕೃಷಿ ಇಲಾಖೆಯ ಸಮೀಕ್ಷೆಯ ಪ್ರಕಾರ ಈ ಪದ್ಧತಿಯಲ್ಲಿ ಮಾರಾಟ ಮಾಡಿದ ತೋಟಗಳು 7,398, ವಹಿವಾಟು 22 ಕೋಟಿ 60 ಲಕ್ಷ ಡಾಲರ್. ಆ ದೇಶದ ಕೃಷಿಯ ಗಾತ್ರಕ್ಕೆ ಇದು ಹನಿ ನೀರು. 2020ರ ಸಾಂಕ್ರಾಮಿಕದ ವಸಂತದಲ್ಲಿ ಅಂಗಡಿಗಳ ಕಪಾಟು ಬರಿದಾದಾಗ ಪಾಲಿಗಾಗಿ ಜನ ಸಾಲುಗಟ್ಟಿದ್ದೂ ನಿಜ, ಅಂಗಡಿಗಳು ತುಂಬಿದ ಮೇಲೆ ಅವರಲ್ಲಿ ಅನೇಕರು ಹಿಂತಿರುಗಿದ್ದೂ ನಿಜ.

ಮೂರನೆಯದು ಎಲ್ಲಕ್ಕಿಂತ ಹಿರಿದು: ನೆಲ. ಇಂಡಿಯನ್ ಲೈನ್ ತೋಟದ ಒಡತಿ, ಈ ಚಳವಳಿಯ ಮುಂದಾಳು ರಾಬಿನ್ ವ್ಯಾನ್ ಎನ್ 1997ರಲ್ಲಿ ಅಕಾಲ ಮರಣಕ್ಕೀಡಾದಾಗ ತೋಟವೇ ಮಾರಾಟಕ್ಕೆ ಬಂದಿತು. ವರ್ಷದ ಖರ್ಚನ್ನು ಸದಸ್ಯರು ಹೊರಬಲ್ಲರು, ನೆಲದ ಬೆಲೆಯನ್ನು ಹೊರಲಾರರು. ಕೊನೆಗೆ 1999ರಲ್ಲಿ ಸ್ಥಳೀಯ ಭೂ ಟ್ರಸ್ಟ್, ಪರಿಸರ ಸಂರಕ್ಷಣೆಯ ಒಂದು ಸಂಸ್ಥೆ ಮತ್ತು ಅಲ್ಲಿ ದುಡಿಯುತ್ತಿದ್ದ ರೈತ ದಂಪತಿ ಕೂಡಿ ಅದನ್ನು ಉಳಿಸಿಕೊಂಡರು. ನೆಲ ಟ್ರಸ್ಟಿನದು, ರೈತರಿಗೆ 99 ವರ್ಷಗಳ ಗುತ್ತಿಗೆ, ಕಟ್ಟಡಗಳು ಮಾತ್ರ ರೈತರ ಸ್ವಂತ ಎಂಬ ಏರ್ಪಾಡಾಯಿತು. ನಗರದ ಅಂಚಿನ ಜಮೀನು ನಿವೇಶನಗಳಾಗುವ ವೇಗ ನೋಡಿದವರಿಗೆ ಈ ಏರ್ಪಾಡಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ ಇಂತಹ ಪ್ರಯತ್ನಕ್ಕೆ ಕೈಹಾಕುವ ಉತ್ಸಾಹಿಗಳು ಕಾನೂನಿನ ಒಂದು ಅಂಶವನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಮೊದಲೇ ಚರ್ಚಿಸುವುದು ಒಳಿತು. ಕಂಪನಿಯ ರೂಪದಲ್ಲಿ ವ್ಯವಹರಿಸುವವರು ಸರಕು ಪೂರೈಕೆಗೆಂದು ಪಡೆದ ಮುಂಗಡವನ್ನು 2014ರ ಠೇವಣಿ ನಿಯಮಗಳ ಮೇರೆಗೆ 365 ದಿನಗಳೊಳಗೆ ಆ ಪೂರೈಕೆಗೆ ಹೊಂದಿಸದಿದ್ದರೆ ಅದು ಸಾರ್ವಜನಿಕ ಠೇವಣಿ ಎಂದು ಪರಿಗಣಿತವಾಗುವ ಸಂಭವವಿದೆ. ಬೆಳೆ ಕೈಕೊಟ್ಟರೆ ಹಣ ಹಿಂದಿರುಗಿಸುವುದಿಲ್ಲ ಎಂಬ ಷರತ್ತನ್ನು ಬಾಯಿಮಾತಿನಲ್ಲಿ ಬಿಡದೆ, ಸದಸ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಸಹಿ ಪಡೆಯುವುದೂ ಅಷ್ಟೇ ಅವಶ್ಯ.

ವಿಲ್ಟನ್‌ನಲ್ಲಿ ಜೂನ್ ಮುಗಿಯುವ ಹೊತ್ತಿಗೆ ಮೊದಲ ಕೊಯ್ಲಿನ ಹುಲ್ಲು ಅಟ್ಟ ಸೇರಿರಬೇಕು. ಅಟ್ಟಕ್ಕೇರಿದ ಮೇಲೂ ಕೆಲವು ವಾರ ರೈತರು ದಿನವೂ ಏಣಿ ಹತ್ತಿ, ಕಟ್ಟುಗಳ ನಡುವೆ ಕೈ ತೂರಿಸಿ ಕಾವು ನೋಡುತ್ತಾರೆ. ಕೈಗೆ ಬಿಸಿ ತಗಲಿದರೆ ಆ ಸಾಲನ್ನಷ್ಟೂ ಕೆಳಗಿಳಿಸಿ, ಬಿಚ್ಚಿ, ಮತ್ತೆ ಬಿಸಿಲಿಗೆ ಹರಡಬೇಕು.